ಲೇಸರ್ ಹಾಪರ್ ಪೇಟೆಂಟ್‌ಗೆ ಆಕ್ಷೇಪಣೆ ಬಂದೈತೆ, ತಿಳಿದೋರು ದಾರಿ ಹೇಳ್ರಿ

ಜೋಳದ ಹಾಪರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಡಿಪ್ಲೊಮಾ. ಊರ ಹೊರಗೆ ಸಣ್ಣ ಶೆಡ್ ಐತೆ. ಮೆಕ್ಕೆಜೋಳದ ಡ್ರೈಯರ್, ಕಾಳು ಮೇಲಕ್ಕೆತ್ತೋ ಬಕೆಟ್ ಎಲಿವೇಟರ್, ಕಾಳು ತುಂಬೋ ಹಾಪರ್ ಮಾಡಿಕೊಡ್ತೀವಿ.

ಹಾಪರ್ ಎಷ್ಟು ತುಂಬಿತು ಅಂತ ನೋಡೋಕೆ ಮೊದಲೆಲ್ಲ ಒಬ್ಬ ಹುಡುಗ ಏಣಿ ಹತ್ತಿ ಇಣುಕಬೇಕಿತ್ತು. ಸ್ವಲ್ಪ ಮೈಮರೆತರೆ ಕಾಳು ಉಕ್ಕಿ ನೆಲದ ಪಾಲು. ಶಬ್ದದಿಂದ ದೂರ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿ ನೋಡಿದೆ. ಅದರ ಶಬ್ದ ಅಗಲವಾಗಿ ಹರಡ್ತದೆ, ಹಾಪರ್ ಗೋಡೆಗೆ ಬಡಿದು ಬಂದಿದ್ದನ್ನೇ ಕಾಳು ಅಂತ ತೋರಿಸೋದು. ಆಮೇಲೆ ಉಗುರಿನಷ್ಟು ಇರೋ ಲೇಸರ್ ಸೆನ್ಸರ್ ಹಾಕಿದೆ. ಖಾಲಿ ಹಾಪರ್‌ನಾಗೆ ಬಂಗಾರದಂಗೆ ಅಳೀತು. ಕಾಳು ಬೀಳೋಕೆ ಶುರುವಾಯ್ತು ನೋಡ್ರಿ, ಧೂಳು ಮತ್ತು ಬೀಳೋ ಕಾಳಿಗೇ ಬೆಳಕು ಬಡಿದು 9 ಅಡಿ ಹಾಪರ್ ಒಮ್ಮೆ 2 ಅಡಿ ಅಂತದೆ, ಒಮ್ಮೆ 7 ಅಡಿ ಅಂತದೆ. ಎರಡು ಸೀಸನ್ ತಲೆ ಕೆಡಿಸಿಕೊಂಡು ಅದಕ್ಕೊಂದು ಉಪಾಯ ಕಂಡುಕೊಂಡೆ.

ಒಬ್ಬ ಏಜೆಂಟರ ಕೈಲಿ ಪೇಟೆಂಟ್ ಅರ್ಜಿ ಹಾಕಿಸಿದೆ. ಸರ್ಕಾರಿ ಫೀಸು ಅರ್ಜಿಗೆ 1600, ಪರೀಕ್ಷೆಗೆ 4000. ಅವರ ಫೀಸು ಎಷ್ಟು ಅಂತ ಕೇಳಬ್ಯಾಡ್ರಿ. ಈಗ ಮೊದಲ ಪರೀಕ್ಷಾ ವರದಿ, ಎಫ್‌ಇಆರ್ ಅಂತಾರಲ್ಲ, ಅದು ಬಂದೈತೆ. ಕ್ಲೇಮ್ 1, ಅಂದ್ರೆ ಇದು ನನ್ನದು ಅಂತ ಹಕ್ಕು ಕೇಳೋ ಮೊದಲ ವಾಕ್ಯ, ಹೊಸದಲ್ಲ, ಡಿ1 ಡಿ2 ಅನ್ನೋ ಎರಡು ಹಳೇ ದಾಖಲೆ ಕೂಡಿಸಿದರೆ ಯಾರಿಗಾದರೂ ಹೊಳೆಯುವಂಥದ್ದು, ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್), ಸೆಕ್ಷನ್ 3(ಕೆ), ಕ್ಲೇಮ್ ಸ್ಪಷ್ಟ ಇಲ್ಲ. ಇಷ್ಟೂ ಆಕ್ಷೇಪಣೆ! ಉತ್ತರಕ್ಕೆ 6 ತಿಂಗಳು, ಅದರಾಗೆ ಸೀಸನ್ ಗಲಾಟೆಯಲ್ಲಿ 2 ತಿಂಗಳು ಹೋಯ್ತು. ಏಜೆಂಟರು ಫೋನ್ ಎತ್ತುತಿಲ್ಲ.

ಇದು ಮುಗೀತು ಅಂತ ಅರ್ಥಾನಾ?

ಮಂಡಕ್ಕಿ ಭಟ್ಟಿ

ಮುಗೀಲಿ ಬಿಡಣ್ಣ. ಪೇಟೆಂಟ್ ಸಿಕ್ಕರೂ ನಿನ್ನ ಶೆಡ್ಡಿನ ಪಕ್ಕದ ಶೆಡ್ಡಿನವ ನಾಳೆ ಅದನ್ನೇ ಮಾಡ್ತಾನೆ. ನೀನು ಜೋಳದ ಸೀಸನ್ ಬಿಟ್ಟು ಕೋರ್ಟಿಗೆ ಅಲೆಯೋನಾ? ಆ ದುಡ್ಡಲ್ಲಿ ಒಂದು ಹಳೇ ಲೇತ್ ತಗೊಂಡಿದ್ರೆ ದುಡಿದು ಹಾಕ್ತಿತ್ತು.

ಕೊನೇ ಸೆಮಿಸ್ಟರ್

ಅಣ್ಣಾ, ನಾನು ಇಲ್ಲೇ ಇಂಜಿನಿಯರಿಂಗ್ ಓದ್ತಿದೀನಿ. ಒಂದು ಡೌಟು. ಲೇಸರ್ ಕಳಿಸೋದು, ವಾಪಸ್ ಬಂದ ಸಮಯದಿಂದ ದೂರ ಲೆಕ್ಕ ಹಾಕೋದು, ಇದು ನಮ್ಮ ಪಠ್ಯದಲ್ಲೇ ಇದೆಯಲ್ಲ? ಇದಕ್ಕೆ ಪೇಟೆಂಟ್ ಹೆಂಗೆ ಸಿಗುತ್ತೆ?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ತಮ್ಮಾ, ನಿನ್ನ ಡೌಟೇ ಎಗ್ಸಾಮಿನರ್ ಡೌಟು ಕೂಡ. ಅದರಿಂದಲೇ ಶುರುಮಾಡೋಣ.

ಬೆಳಕು ಒಂದು ನ್ಯಾನೊಸೆಕೆಂಡಿಗೆ ಹೆಚ್ಚುಕಡಿಮೆ 30 ಸೆಂಟಿಮೀಟರ್ ಓಡುತ್ತದೆ, ಅಂದರೆ ನಮ್ಮ ಶಾಲೆಯ ಅಡಿಪಟ್ಟಿಯಷ್ಟು. ಹೋಗಿ ಬರಬೇಕಾದ್ದರಿಂದ ಒಂದು ನ್ಯಾನೊಸೆಕೆಂಡ್ ಅಂದರೆ 15 ಸೆಂಟಿಮೀಟರ್ ದೂರ. ಒಂದು ಮಿಲಿಮೀಟರ್ ಕರಾರುವಾಕ್ಕಾಗಿ ಬೇಕೆಂದರೆ 7 ಪಿಕೊಸೆಕೆಂಡಿನೊಳಗೆ ಗಡಿಯಾರ ನೋಡಬೇಕು. ಅದು ಕಷ್ಟವೆಂದೇ ಬೇರೆ ದಾರಿಗಳೂ ಹುಟ್ಟಿಕೊಂಡವು. ಬೆಳಕನ್ನು ಅಲೆಯಂತೆ ಏರಿಳಿಸಿ, ಮರಳಿದ ಅಲೆ ಎಷ್ಟು ಹಿಂದೆ ಬಿದ್ದಿದೆ ಎಂದು ನೋಡುವುದು ಒಂದು. 10 ಮೆಗಾಹರ್ಟ್ಸ್‌ನಲ್ಲಿ ಏರಿಳಿಸಿದರೆ 15 ಮೀಟರ್ ದಾಟಿದ ಮೇಲೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಅದನ್ನು ಬಿಡಿಸಲು ಇನ್ನೊಂದು ಆವರ್ತನ ಬೇಕು. ಕೋನ ಹಿಡಿದು ತ್ರಿಕೋನದ ಲೆಕ್ಕ ಮಾಡುವುದು ಮತ್ತೊಂದು.

ಇವೆಲ್ಲ ಹಳೆಯವು. ಮೈಮನ್ ಮೊದಲ ಲೇಸರ್ ಉರಿಸಿದ್ದು 1960ರಲ್ಲಿ. 1969ರಲ್ಲಿ ಅಪೋಲೊ 11ರವರು ಚಂದ್ರನ ಮೇಲೆ ಕನ್ನಡಿ ಇಟ್ಟು ಬಂದ ಮೇಲೆ ಭೂಮಿಯಿಂದ ಲೇಸರ್ ಬಿಟ್ಟು ಅಲ್ಲಿಗಿರುವ ದೂರ ಅಳೆದರು. ನಮ್ಮ ಚಂದ್ರಯಾನ-1ರಲ್ಲೂ 2008ರಲ್ಲಿ ಲೇಸರ್ ಅಳತೆ ಸಾಧನ ಇತ್ತು. ಬೆಂಗಳೂರಿನ ಇಸ್ರೊ ಪ್ರಯೋಗಾಲಯದಲ್ಲೇ ತಯಾರಾಗಿದ್ದು. ಕೈಯಲ್ಲಿ ಹಿಡಿಯುವಂಥ ಲೇಸರ್ ಟೇಪನ್ನು ಲೈಕಾದವರು 1993ರಲ್ಲೇ ತಂದರು. ಹಾಗಾಗಿ "ಲೇಸರ್‌ನಿಂದ ಅಳೆಯುತ್ತೇನೆ" ಎಂದಷ್ಟೇ ಹೇಳಿದರೆ ಅದು ಹೊಸದಾಗುವುದಿಲ್ಲ.

ಇನ್ನು ಧೂಳು. ವಿಮಾನದಿಂದ ಕಾಡಿನ ಮೇಲೆ ಲೇಸರ್ ಬಿಟ್ಟಾಗ ಮೊದಲ ಪ್ರತಿಫಲನ ಎಲೆಯಿಂದ, ಕೊನೆಯದು ನೆಲದಿಂದ ಬರುತ್ತದೆ. ಕೊನೆಯದನ್ನು ಮಾತ್ರ ಹಿಡಿದುಕೊಳ್ಳುವ ಪದ್ಧತಿ ಬಹಳ ಕಾಲದಿಂದ ಇದೆ. ನಿಮ್ಮ ಉಪಾಯವೂ ಇದೇ ಆಗಿದ್ದರೆ ಎಗ್ಸಾಮಿನರ್ ಹೇಳಿದ್ದು ಸರಿ.

ಕಡತ ಓದುವವ

ನಾನು ಹಿರಿಯೂರಿನವನು, ಈಗ ಬೆಂಗಳೂರಲ್ಲಿ ಪೇಟೆಂಟ್ ಏಜೆಂಟ್. ಎಫ್‌ಇಆರ್ ಬಂದರೆ ಮುಗಿಯಿತು ಅಂತ ಅಲ್ಲ. ಆಕ್ಷೇಪಣೆಯೇ ಇಲ್ಲದ ಎಫ್‌ಇಆರ್ ನೋಡಿದ್ದು ನನಗೆ ನೆನಪಿಲ್ಲ. 6 ತಿಂಗಳು ಸಾಲದಿದ್ದರೆ ಫೀಸು ಕಟ್ಟಿ ಇನ್ನೂ 3 ತಿಂಗಳು ಪಡೆಯಬಹುದು. ಗಡುವು ಮೀರಿ ಸುಮ್ಮನಿದ್ದರೆ ಮಾತ್ರ ಅರ್ಜಿ ಕೈಬಿಟ್ಟಂತೆ.

ನಿಮ್ಮ ಕ್ಲೇಮ್ 1 ಇದ್ದ ಹಾಗೇ ಹೇಳಿ. ವಿವರಣೆ ಬೇಡ, ಕ್ಲೇಮ್ ಬೇಕು. ಎಗ್ಸಾಮಿನರ್ ಅಳೆಯುವುದು ನಿಮ್ಮ ಯಂತ್ರವನ್ನಲ್ಲ, ನಿಮ್ಮ ಕ್ಲೇಮಿನ ವಾಕ್ಯವನ್ನು.

ಜೋಳದ ಹಾಪರ್

ಇಂಗ್ಲಿಷಿನಾಗೆ ಐತೆ, ನನ್ನ ಮಾತಲ್ಲಿ ಹೇಳ್ತೀನಿ: "ಧಾನ್ಯದ ಸಂಗ್ರಹದ ಮಟ್ಟ ಅಳೆಯುವ ಸಾಧನ. ಅದರಲ್ಲಿ ಲೇಸರ್ ಮೂಲ, ಬೆಳಕು ಗ್ರಹಿಸುವ ಭಾಗ, ಮತ್ತು ಧೂಳಿನಿಂದಾಗುವ ದೋಷವನ್ನು ತೆಗೆದುಹಾಕಿ ದೂರವನ್ನು ಲೆಕ್ಕ ಹಾಕುವ ಪ್ರೊಸೆಸರ್ ಇರುತ್ತವೆ."

ಕಡತ ಓದುವವ

ಅಯ್ಯೋ. ಧೂಳಿನ ದೋಷ ತೆಗೆಯುವ ಪ್ರೊಸೆಸರ್ ಅಂದರೆ ಏನು? *ಹೇಗೆ* ತೆಗೆಯುತ್ತದೆ ಅನ್ನುವುದೇ ಇಲ್ಲ. ಬೇಲಿ ಹಾಕುವಾಗ ನಿಮ್ಮ ಹೊಲ ಬಿಟ್ಟು ಇಡೀ ಊರಿಗೇ ಹಾಕಿದ್ದಾರೆ. ಊರಲ್ಲಿ ಮೊದಲೇ ಮನೆಗಳಿವೆ, ಆ ಮನೆಯವರು ಸುಮ್ಮನಿರುತ್ತಾರೆಯೇ?

ಡಿ1 ಯಾವುದೋ ಲೇಸರ್ ಮಟ್ಟಮಾಪಕ ಇರಬೇಕು, ಡಿ2 ಮೇಷ್ಟ್ರು ಹೇಳಿದ ಕೊನೆಯ ಪ್ರತಿಫಲನದ ತಂತ್ರ ಇರಬೇಕು. ಸರಿಯೇ? ಈಗ ಹೇಳಿ, ನೀವು ನಿಜವಾಗಿ ಮಾಡಿದ್ದೇನು? ಅರ್ಜಿ ಈಗಾಗಲೇ ಪ್ರಕಟವಾಗಿದೆ, ಅದರಲ್ಲಿ ಇರುವುದನ್ನಷ್ಟೇ ಹೇಳಿ.

ಚಳ್ಳಕೆರೆ ಎಣ್ಣೆ ಗಾಣ

ನಮ್ಮ ಚಳ್ಳಕೆರೆಯ ಕುದಾಪುರದ ಕಡೆ ಐಐಎಸ್‌ಸಿ ಐತೆ, ಡಿಆರ್‌ಡಿಒ ರನ್‌ವೇ ಐತೆ. 2023, 24ರಲ್ಲಿ ಅಲ್ಲೇ ಇಸ್ರೊದ ರೆಕ್ಕೆ ನೌಕೆ ತಾನಾಗೇ ಬಂದು ಇಳೀತಲ್ಲ, ಅದೂ ಇದೇ ಲೇಸರ್ ತಾನೇ? ಅವರನ್ನೇ ಕೇಳ್ರಿ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಅದರಲ್ಲಿ ನೆಲದ ಎತ್ತರ ನೋಡಿದ್ದು ರೇಡಾರ್ ಆಲ್ಟಿಮೀಟರ್, ಲೇಸರ್ ಅಲ್ಲ. ಜೊತೆಗೆ ತಾನು ಎಲ್ಲಿದ್ದೇನೆಂದು ತಿಳಿಯಲು ನಾವಿಕ್, ಸ್ಯೂಡೊಲೈಟ್ ಎಲ್ಲ ಇದ್ದವು. ಚಂದ್ರಯಾನ-3ರ ಲ್ಯಾಂಡರಿನಲ್ಲಿ ಲೇಸರ್ ಆಲ್ಟಿಮೀಟರ್ ಇತ್ತು. ಎರಡನ್ನೂ ಕಲಸಬೇಡಿ ಗಾಣದೋರೇ. ಹಾಪರ್ ಅಣ್ಣ ಹೇಳಲಿ.

ಜೋಳದ ಹಾಪರ್

ಹೇಳ್ತೀನಿ. ನಾನು ಧೂಳನ್ನ ಲೆಕ್ಕದಲ್ಲಿ ತೆಗೆಯೋಕೇ ಹೋಗಿಲ್ಲ.

ಎಲಿವೇಟರ್‌ನ ಬಕೆಟ್ ಒಂದೊಂದೇ ಮೇಲೆ ಬಂದು ಕವುಚಿಕೊಳ್ತದೆ. ಕಾಳು ಒಂದೇ ಸಮ ಸುರಿಯಲ್ಲ, ದಬ್ ದಬ್ ಅಂತ ತಂಡ ತಂಡವಾಗಿ ಬೀಳ್ತದೆ. ಎರಡು ದಬ್ ನಡುವೆ ಒಂದು ಕ್ಷಣ ದಾರಿ ತೆರೀತದೆ. ಬಾಗಿಲ ಸಂದಿಯಾಗೆ ನೋಡಿದಂಗೆ, ಆಗ ಮಾತ್ರ ಲೇಸರ್ ಬಿಡಬೇಕು. ಅದಕ್ಕೆ ಮೇಲಿನ ಪುಲ್ಲಿಗೆ ಮ್ಯಾಗ್ನೆಟ್ ಅಂಟಿಸಿ, ಬಕೆಟ್ ಕವುಚಿದ ಕ್ಷಣ ಹಿಡಿದು, ಅಲ್ಲಿಂದ ಇಂತಿಷ್ಟು ಹೊತ್ತಿಗೆ ಸೆನ್ಸರ್‌ಗೆ "ಈಗ ನೋಡು" ಅಂತ ಹೇಳೋದು. ಅರ್ಜಿಯ 9ನೇ ಪುಟದಾಗೆ ಇದರ ಬಗ್ಗೆ ಒಂದೇ ವಾಕ್ಯ ಐತೆ, ಚಿತ್ರ 4ರಾಗೆ ಪುಲ್ಲಿ ಬರೆದಾರೆ. ಕ್ಲೇಮಿನಾಗೆ ಇಲ್ಲ. ಏಜೆಂಟರು "ಅದೆಲ್ಲ ಹಾಕಿದರೆ ಪೇಟೆಂಟ್ ಸಣ್ಣದಾಗ್ತದೆ" ಅಂದ್ರು.

ಕಡತ ಓದುವವ

9ನೇ ಪುಟದ ವಾಕ್ಯ ಮೊದಲೇ ಹೇಳಬಾರದಿತ್ತೇ!

ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಒಂದು ನಿಮಿಷ, ಲೆಕ್ಕ ಹಾಕದೆ ಒಪ್ಪುವವನಲ್ಲ ನಾನು. ಬೆಲ್ಟಿನ ವೇಗ ಎಷ್ಟು, ಬಕೆಟ್ ನಡುವಿನ ಅಂತರ ಎಷ್ಟು? ಕೊಳವೆಯಲ್ಲಿ ಇಳಿಯುವಾಗ ಕಾಳೆಲ್ಲ ಬೆರೆತು ಒಂದೇ ಧಾರೆ ಆಗುವುದಿಲ್ಲವೇ?

ಜೋಳದ ಹಾಪರ್

ಬೆಲ್ಟ್ ಸೆಕೆಂಡಿಗೆ ಒಂದೂವರೆ ಮೀಟರ್, ಬಕೆಟ್ ನಡುವೆ 20 ಸೆಂಟಿಮೀಟರ್. ನಮ್ಮದ್ರಾಗೆ ಉದ್ದ ಕೊಳವೆ ಇಲ್ಲ ಸಾರ್, ಎಲಿವೇಟರ್ ತಲೆ ಹಾಪರ್ ಮೇಲೇ ಕೂತೈತೆ. ಉದ್ದ ಕೊಳವೆ ಇರೋ ಕಡೆ ಈ ಉಪಾಯ ನಡೆಯಲ್ಲ, ನೋಡೀನಿ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಹಾಗಾದರೆ ಸೆಕೆಂಡಿಗೆ ಏಳೂವರೆ ಬಕೆಟ್. ಒಂದೊಂದಕ್ಕೆ ಸುಮಾರು 133 ಮಿಲಿಸೆಕೆಂಡ್. ಸೆನ್ಸರ್ ಒಂದು ಅಳತೆಗೆ 33 ಮಿಲಿಸೆಕೆಂಡ್ ತೆಗೆದುಕೊಂಡರೂ ಕಾಲು ಭಾಗದ ಸಂದಿ ಸಾಕು. ಆಗುತ್ತದೆ! ಹೇಳಿದ ಹೊತ್ತಿಗೆ ನೋಡದೆ ತನ್ನಿಷ್ಟಕ್ಕೆ ನೋಡುತ್ತಿದ್ದರೆ ಬಹುಪಾಲು ಸಲ ಕಾಳಿಗೇ ಡಿಕ್ಕಿ. ನಿಮ್ಮ 2 ಅಡಿ, 7 ಅಡಿಯ ಕಥೆ ಈಗ ಅರ್ಥವಾಯಿತು. ಸಣ್ಣ ಧೂಳು ಮಾತ್ರ ಸಂದಿಯಲ್ಲೂ ತೇಲುತ್ತಿರುತ್ತದೆ, ಅದಕ್ಕೇನು?

ಜೋಳದ ಹಾಪರ್

ಅದು ತೆಳ್ಳಗೆ ಇರ್ತದೆ ಸಾರ್, ಎರಡು ಮೂರು ಇಂಚು ಹೆಚ್ಚುಕಮ್ಮಿ ತೋರಿಸ್ತದೆ. ಹಾಪರ್‌ಗೆ ಅಷ್ಟು ನಡೀತದೆ. ಸೆನ್ಸರ್ ಗಾಜು ದಿನಾ ಒರೆಸಬೇಕು. ಅದಿನ್ನೂ ಹುಡುಗನ ಕೆಲಸಾನೇ.

ಕಡತ ಓದುವವ

ಈಗ ಉತ್ತರ ಕಟ್ಟಬಹುದು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

ಡಿ1ರಲ್ಲಿ ಬಕೆಟ್ ಇಲ್ಲ, ಡಿ2ರಲ್ಲೂ ಇಲ್ಲ ಅಂತಾದರೆ ಹೊಸತನದ ಆಕ್ಷೇಪಣೆ ಬಿದ್ದುಹೋಗುತ್ತದೆ. ಕಷ್ಟದ್ದು ಮುಂದಿನದು: ಈ ಕೆಲಸ ಬಲ್ಲ ಸಾಮಾನ್ಯ ತಂತ್ರಜ್ಞನಿಗೆ ಇದು ತಾನಾಗೇ ಹೊಳೆಯುತ್ತಿತ್ತೇ? ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದಿದೆ, 1978ರ ಡಿಸೆಂಬರಿನದು, ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣ. ಲೇತಿನಲ್ಲಿ ಪಾತ್ರೆ ಹಿಡಿದು ತಿರುಗಿಸುವ ಸಾಧನದ ಪೇಟೆಂಟ್ ಅದು. ಕಾರ್ಖಾನೆಯಲ್ಲಿ ಯಾರೂ ಮಾಡಿಕೊಳ್ಳುವ ಸುಧಾರಣೆಗಿಂತ ಹೆಚ್ಚಿನದೇನೋ ಇರಬೇಕು ಎಂದು ಹೇಳಿ ಪೇಟೆಂಟನ್ನೇ ರದ್ದು ಮಾಡಿದರು. ಶೆಡ್ಡಿನ ಕೆಲಸದಿಂದ ಬಂದ ಅರ್ಜಿಗಳಿಗೆಲ್ಲ ಈ ತೀರ್ಪಿನ ನೆರಳು ಬೀಳುತ್ತದೆ. ನಿಮ್ಮ ಪರವಾಗಿ ಹೇಳಬೇಕಾದ್ದು ಇಷ್ಟು: ಡಿ2 ಬಂದ ಬೆಳಕನ್ನು ಆಮೇಲೆ ಸೋಸುತ್ತದೆ, ನೀವು ಬೆಳಕನ್ನು ಬಿಡುವ ಹೊತ್ತನ್ನೇ ಯಂತ್ರದ ಲಯಕ್ಕೆ ಕಟ್ಟಿದ್ದೀರಿ. ಡಿ2 ಓದಿದವನು ಇನ್ನಷ್ಟು ಸೋಸುವ ಕಡೆ ಹೋಗುತ್ತಾನೆ, ಪುಲ್ಲಿಯ ಕಡೆ ತಿರುಗಿ ನೋಡುವುದಿಲ್ಲ.

ಅಳೆಯುವ ವಿಧಾನ ಬೇರೆ ಅನ್ನುವ ವಾದಕ್ಕೆ ತೂಕ ಇದೆಯೇ ಎಂದರೆ, ಅಮೆರಿಕದ ಒಂದು ಜಗಳ ನೋಡಿ. ತಲೆ ತಿರುಗಿಸುತ್ತ ಸುತ್ತಲೂ ಲೇಸರ್ ಬಿಟ್ಟು ದೂರ ನೋಡುವ ವೆಲೊಡೈನ್ ಲೈಡಾರಿನ ಪೇಟೆಂಟನ್ನು ಕ್ವಾನರ್ಜಿ ಕಂಪನಿ ಪ್ರಶ್ನಿಸಿತು. ವಸ್ತುವಿನ ಆಕಾರ ಅಳೆಯುವ ಜಪಾನಿನ ಹಳೆಯ ದಾಖಲೆಯೊಂದನ್ನು ಮುಂದಿಟ್ಟಿತು. ಜಗಳವೆಲ್ಲ ನಿಂತದ್ದು "ಲೈಡಾರ್" ಎಂಬ ಒಂದು ಪದದ ಮೇಲೆ. ಆ ಪೇಟೆಂಟಿನಲ್ಲಿ ಲೈಡಾರ್ ಎಂದರೆ ಮಿಡಿತ ಕಳಿಸಿ ಹೋಗಿಬರುವ ಸಮಯ ನೋಡುವುದು, ಜಪಾನಿನದ್ದು ತ್ರಿಕೋನದ ಲೆಕ್ಕ, ಎರಡೂ ಒಂದಲ್ಲ ಎಂದು ಪೇಟೆಂಟ್ ಮಂಡಳಿ ಹೇಳಿತು. 2020ರ ಫೆಬ್ರವರಿಯಲ್ಲಿ ಮೇಲಿನ ಕೋರ್ಟೂ ಒಪ್ಪಿತು. ಅಲ್ಲಿನ ತೀರ್ಪು ನಮ್ಮ ಚೆನ್ನೈ ಪೇಟೆಂಟ್ ಕಚೇರಿಯನ್ನು ಕಟ್ಟಿಹಾಕುವುದಿಲ್ಲ, ಆದರೆ ವಾದ ಹೇಗೆ ಹೆಣೆಯಬೇಕು ಅನ್ನುವುದಕ್ಕೆ ಒಳ್ಳೆಯ ಪಾಠ.

3(ಎಫ್) ಬಗ್ಗೆ ಚಿಂತೆ ಬೇಡ. ಗೊತ್ತಿರುವ ವಸ್ತುಗಳನ್ನು ಪಕ್ಕಪಕ್ಕ ಇಟ್ಟು, ಅವು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮ ತಮ್ಮ ಕೆಲಸ ಮಾಡುತ್ತಿದ್ದರೆ ಆ ಸೆಕ್ಷನ್ ಹಿಡಿಯುತ್ತದೆ. ನಿಮ್ಮಲ್ಲಿ ಪುಲ್ಲಿ ಹೇಳದೆ ಸೆನ್ಸರ್ ಕಣ್ಣು ತೆರೆಯುವುದೇ ಇಲ್ಲ. ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ ಎನ್ನುವ 3(ಕೆ) ಬಂದದ್ದು ಆ "ಪ್ರೊಸೆಸರ್ ಲೆಕ್ಕ ಹಾಕುತ್ತದೆ" ಎಂಬ ಮಾತಿನಿಂದ. ಪ್ರೊಸೆಸರ್ ಇದ್ದ ಮಾತ್ರಕ್ಕೆ ಅದು ಬರೀ ಪ್ರೋಗ್ರಾಂ ಆಗುವುದಿಲ್ಲ, ತಾಂತ್ರಿಕ ಪರಿಣಾಮ ಏನೆಂದು ನೋಡಬೇಕು ಎಂದು ದೆಹಲಿ ಹೈಕೋರ್ಟ್ 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ.

ಈಗ ಮುಖ್ಯ ಪ್ರಶ್ನೆ. ಸೆಕ್ಷನ್ 59ರ ಪ್ರಕಾರ ಕ್ಲೇಮ್ ತಿದ್ದುವಾಗ ಮೊದಲು ಸಲ್ಲಿಸಿದ್ದರಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಬೇಲಿ ಒಳಕ್ಕೆ ಸರಿಯಬಹುದು, ಹೊರಕ್ಕೆ ಅಲ್ಲ. 9ನೇ ಪುಟದ ಆ ವಾಕ್ಯ ಅಕ್ಷರಶಃ ಏನಿದೆ?

ಜೋಳದ ಹಾಪರ್

"ಬಕೆಟ್ ಹಾದುಹೋಗುವ ಕ್ಷಣವನ್ನು ಗುರುತಿಸುವ ಸಾಧನ, ಉದಾಹರಣೆಗೆ ಪುಲ್ಲಿಯ ಮೇಲಿನ ಮ್ಯಾಗ್ನೆಟ್, ಅದರ ಸಂಕೇತ ಬಂದ ನಂತರ ನಿಗದಿತ ವಿಳಂಬದಲ್ಲಿ ಲೇಸರ್ ಅಳತೆಯನ್ನು ಪ್ರಾರಂಭಿಸಬಹುದು."

ಕಡತ ಓದುವವ

ಆ "ಉದಾಹರಣೆಗೆ" ಬರೆದ ಪುಣ್ಯಾತ್ಮನಿಗೆ ಒಂದು ಬೆಣ್ಣೆದೋಸೆ ಕೊಡಿಸಿ. ಅದಿಲ್ಲದೆ ಹೋಗಿದ್ದರೆ ನಿಮ್ಮ ಕ್ಲೇಮ್ ಮ್ಯಾಗ್ನೆಟ್‌ಗೆ ಅಂಟಿಕೊಂಡುಬಿಡುತ್ತಿತ್ತು. ಈಗ "ಬಕೆಟ್ ಹಾದುಹೋಗುವ ಕ್ಷಣ ಗುರುತಿಸುವ ಸಾಧನ" ಎಂದೇ ಕ್ಲೇಮ್ 1ಕ್ಕೆ ತರಬಹುದು. ಮ್ಯಾಗ್ನೆಟ್ ಅನ್ನು ಕ್ಲೇಮ್ 2ಕ್ಕೆ ಹಾಕಿ.

ಇನ್ನೊಂದು, ಮುಚ್ಚಿಡಬೇಡಿ. ಅರ್ಜಿ ಹಾಕುವ ಮುಂಚೆ ಯಾರಿಗಾದರೂ ಮಾರಿದಿರಾ? ವಿಡಿಯೊ, ಮೇಳ, ಪೇಪರ್?

ಜೋಳದ ಹಾಪರ್

ಅರ್ಜಿಗೆ 3 ತಿಂಗಳ ಮುಂಚೆ ಯೂಟ್ಯೂಬಿಗೆ ಒಂದು ವಿಡಿಯೊ ಹಾಕಿದ್ದೆ... ಈಗ ಮತ್ತೆ ನೋಡಿದೆ. ಹಾಪರ್ ಕಾಣ್ತದೆ, ಡಿಸ್‌ಪ್ಲೇ ಕಾಣ್ತದೆ. ಪುಲ್ಲಿ ಮೇಲೆ ಗಾರ್ಡ್ ಮುಚ್ಚೈತೆ. ನಾನೂ ಬಾಯಿ ಬಿಟ್ಟಿಲ್ಲ, ಬರೀ "ಲೇಸರ್ ಐತೆ ನೋಡ್ರಿ" ಅಂತ ಕುಣಿದೀನಿ. ಒಂದು ಯಂತ್ರನ ಪರಿಚಯದ ದಲಾಲರ ಗೋಡೌನಿನಾಗೆ ಒಂದು ಸೀಸನ್ ಟ್ರಯಲ್‌ಗೆ ಇಟ್ಟಿದ್ದೆ, ದುಡ್ಡು ತಗೊಂಡಿಲ್ಲ.

ಕಡತ ಓದುವವ

ಗಾರ್ಡ್ ನಿಮ್ಮ ಕೈಯನ್ನೂ ಕಾಪಾಡಿದೆ, ಅರ್ಜಿಯನ್ನೂ. ಇನ್ನು ಗೋಡೌನಿನ ಟ್ರಯಲ್. ಅರ್ಜಿಗೆ ಮುಂಚಿನ ಒಂದು ವರ್ಷದೊಳಗಿನ ಪ್ರಯೋಗ, ಅದನ್ನು ಸಾರ್ವಜನಿಕವಾಗಿಯೇ ಮಾಡಬೇಕಾದಂಥ ಯಂತ್ರವಾದರೆ, ಸೆಕ್ಷನ್ 32 ರಕ್ಷಣೆ ಕೊಡುತ್ತದೆ. ಕಾಳು ಸುರಿಯದೆ ಇದನ್ನು ಪರೀಕ್ಷಿಸಲು ಆಗುವುದಿಲ್ಲವಲ್ಲ. ದಲಾಲರಿಂದ ತಾರೀಕು ಸಮೇತ ಒಂದು ಪತ್ರ ಬರೆಸಿಟ್ಟುಕೊಳ್ಳಿ. ಪೇಟೆಂಟ್ ಸಿಗುವ ಮುಂಚೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು, ಸಿಕ್ಕ ಮೇಲೂ ಆಸಕ್ತಿ ಇರುವವರಿಗೆ ಒಂದು ವರ್ಷ ಅವಕಾಶ ಇರುತ್ತದೆ.

ಮಂಡಕ್ಕಿ ಭಟ್ಟಿ

ವಿರೋಧ ಅಂದಕೂಡಲೇ ನೆನಪಾಯ್ತು. ಅಮೆರಿಕದಾಗೆ ಡ್ರೈವರ್ ಇಲ್ಲದ ಕಾರು ಮಾಡೋಕೆ ಹೊರಟಿದ್ದ ವೇಮೊ, ಊಬರ್ ಲೈಡಾರಿಗೆ ಕಿತ್ತಾಡ್ತಿದ್ದಾಗ ಎರಡೂ ಕಂಪನಿಗೆ ಸಂಬಂಧ ಇಲ್ಲದ ಎರಿಕ್ ಸ್ವಿಲ್ಡೆನ್ಸ್ ಅನ್ನೋ ಇಂಜಿನಿಯರ್ ತನ್ನ ಕೈಯಿಂದ 6000 ಡಾಲರ್ ಕಟ್ಟಿ ವೇಮೊ ಪೇಟೆಂಟನ್ನ ಮರುಪರೀಕ್ಷೆಗೆ ಎಳೆದ. 56 ಕ್ಲೇಮಿನಾಗೆ 53 ತಿರಸ್ಕಾರ ಆದವು. ಲೇಸರ್ ಡಯೋಡ್ ಉರಿಸೋ ಸರ್ಕ್ಯೂಟಂತೆ, ಅದು ಹೊಸದೇ ಅಲ್ಲ ಅಂತ ಇವನಿಗೆ ಅನ್ನಿಸಿತಂತೆ. ಅಂಥ ದೊಡ್ಡೋರ ಕಾಗದಾನೇ ಹರಿದ ಮೇಲೆ ನಿಂದೇನಣ್ಣ?

ಕಡತ ಓದುವವ

ಅಗಲವಾಗಿ ಕೇಳಿದ್ದು ಬೇಗ ಹರಿಯುತ್ತದೆ. ಈಗ ಇವರು ಕೇಳುತ್ತಿರುವುದು ಬಕೆಟ್ ಎಲಿವೇಟರ್ ಇರುವ ಹಾಪರ್ ಮಾತ್ರ. ಇದಕ್ಕೆ ಹಳೆಯ ದಾಖಲೆ ಹುಡುಕುವುದು ಕಷ್ಟ. ನಿಮಗೆ ಬಿಡುವಿದ್ದರೆ ನೀವೇ ಹುಡುಕಿ. ಜಿ01ಎಸ್ 17 ಎಂಬ ವರ್ಗದಲ್ಲಿ ಲೇಸರ್ ಅಳತೆ, ಜಿ01ಎಫ್ 23ರಲ್ಲಿ ಮಟ್ಟ ಅಳೆಯುವುದು. ಭಾರತದ ದಾಖಲೆ ಪೇಟೆಂಟ್ ಕಚೇರಿಯ ಹುಡುಕು ತಾಣ ಇನ್‌ಪಾಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸಿಕ್ಕರೆ ಇಲ್ಲೇ ತಿಳಿಸಿ, ಎಗ್ಸಾಮಿನರಿಗಿಂತ ಮೊದಲು ನಮಗೆ ಗೊತ್ತಾಗಲಿ.

ಮಂಡಕ್ಕಿ ಭಟ್ಟಿ

ಎರಡು ರಾತ್ರಿ ಕೂತೆ. ಸಿಮೆಂಟ್ ಸೈಲೊ, ಕಲ್ಲಿದ್ದಲು, ಹಂದಿ ಮೇವಿನ ಡಬ್ಬಿ ಎಲ್ಲ ಸಿಕ್ಕವು. ಒಂದರಾಗೆ ಗಾಳಿ ಊದಿ ಗಾಜು ಸ್ವಚ್ಛ ಮಾಡ್ತಾನೆ, ಇನ್ನೊಂದರಾಗೆ ಸುರಿಯೋದು ನಿಲ್ಲಿಸಿ ಅಳೀತಾನೆ. ಬಕೆಟ್ ಸಂದಿಯಾಗೆ ನೋಡೋನು ಸಿಗಲಿಲ್ಲ. ಹೋಗ್ಲಿ, ಹಾಕ್ಕೋ.

ಜೋಳದ ಹಾಪರ್

ಭಟ್ಟಿ ಅಣ್ಣ, ಇಷ್ಟು ಮಾಡಿದ್ರಲ್ಲ, ದೊಡ್ಡ ಉಪಕಾರ. ಕಡತದ ಸಾರ್, ಒಂದು ಸಣ್ಣ ವಿಷಯ ಬಿಟ್ಟಿದ್ದೆ. ಬೆಲ್ಟ್ ಜಾರಿದರೆ ಪುಲ್ಲಿ ತಿರುಗ್ತದೆ, ಬಕೆಟ್ ಹಿಂದೆ ಉಳೀತದೆ, ಮ್ಯಾಗ್ನೆಟ್ ಸುಳ್ಳು ಹೇಳ್ತದೆ. ಈ ವರ್ಷ ಮ್ಯಾಗ್ನೆಟ್ ತೆಗೆದು ಬೇರೆ ಥರ ಮಾಡೀನಿ. ಅದು ಹೆಂಗಂದ್ರೆ

ಕಡತ ಓದುವವ

ಅಲ್ಲೇ ನಿಲ್ಲಿಸಿ! ಇದು ಎಲ್ಲರೂ ಓದುವ ಜಾಗ. ಇಲ್ಲಿ ಬರೆದರೆ ನಿಮ್ಮದೇ ಮಾತು ನಾಳೆ ಡಿ3 ಆಗಿ ನಿಮ್ಮೆದುರು ಬಂದು ಕೂರುತ್ತದೆ. ಅರ್ಧ ಬರೆದದ್ದು ಅರ್ಧದಲ್ಲೇ ಇರಲಿ.

ಅದು ಸುಧಾರಣೆಯಾದರೆ ಸೆಕ್ಷನ್ 54ರಡಿ ಹೆಚ್ಚುವರಿ ಪೇಟೆಂಟ್ ಅಂತ ಬೇರೆ ಅರ್ಜಿ ಹಾಕಬಹುದು. ಮೂಲದ್ದರ ಜೊತೆಗೇ ಮುಗಿಯುತ್ತದೆ, ಪ್ರತಿವರ್ಷದ ನವೀಕರಣ ಫೀಸು ಬೇರೆ ಇಲ್ಲ. ಮೂಲದ್ದಕ್ಕೆ ಹೋಲಿಸಿ "ಇದು ಹೊಳೆಯುವಂಥದ್ದೇ" ಎಂದು ಅದನ್ನು ತಳ್ಳುವಂತಿಲ್ಲ, ಹೊಸದಂತೂ ಆಗಿರಲೇಬೇಕು. ಆ ಬಗ್ಗೆ ಖಾಸಗಿಯಾಗಿ ಬರೆಯಿರಿ.

ಚಳ್ಳಕೆರೆ ಎಣ್ಣೆ ಗಾಣ

ಥೂ, ಈಗಷ್ಟೇ ರುಚಿ ಹತ್ತಿತ್ತು.

ಜೋಳದ ಹಾಪರ್

*(ನಾಲ್ಕು ತಿಂಗಳ ನಂತರ)*

ಕೇಳಿದೋರಿಗೆಲ್ಲ ಸುದ್ದಿ. ಉತ್ತರ ಹಾಕಿದ್ವಿ, ಹಿಯರಿಂಗ್‌ಗೆ ಕರೆದರು. ಚೆನ್ನೈಗೆ ಹೋಗೋದು ತಪ್ಪಿತು, ವಿಡಿಯೊದಾಗೇ ಆಯ್ತು. ಮೇಷ್ಟ್ರು ಹೇಳಿದ 133 ಮಿಲಿಸೆಕೆಂಡ್ ಲೆಕ್ಕ ಉತ್ತರದಾಗೆ ಹಾಕಿದ್ವಿ, ಸಾಹೇಬರು ಅದನ್ನೇ ಹಿಡಕೊಂಡು ಕೇಳಿದರು, ಬೆಲ್ಟ್ ವೇಗ ಬದಲಾದರೆ ವಿಳಂಬ ಹೆಂಗೆ ಬದಲಾಗ್ತದೆ ಅಂತ. ಹೇಳಿದೆ. ಅವರು ಡಿ2 ಬಿಟ್ಟು ಡಿ1ರ ಮೇಲೆ ಇನ್ನೊಂದು ಸುತ್ತು ಬಂದರು. ಕ್ಲೇಮಿನಾಗೆ "ನಿಗದಿತ ವಿಳಂಬ" ಅನ್ನೋದು ಅಸ್ಪಷ್ಟ ಅಂದರು, ಅದನ್ನ ಬಕೆಟ್ ಅಂತರಕ್ಕೆ ಕಟ್ಟಿ ಬರೆಯೋಕೆ ಒಪ್ಪಿದ್ವಿ. ಲಿಖಿತ ಉತ್ತರಕ್ಕೆ 15 ದಿನ ಕೊಟ್ಟಾರೆ, ಇವತ್ತು 11ನೇ ದಿನ.

ಇನ್ನೊಂದು ಅರ್ಜಿ ಹೋದ ವಾರ ಹಾಕಿದ್ವಿ. ಏನು ಅಂತ ಕೇಳಬ್ಯಾಡ್ರಿ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಬೆಲ್ಟ್ ವೇಗಕ್ಕೆ ನೀವು ಕೊಟ್ಟ ಸೂತ್ರ ಕಳಿಸಿ, ಒಮ್ಮೆ ನೋಡುತ್ತೇನೆ. 4 ದಿನ ಇದೆಯಲ್ಲ.

ಕಡತ ಓದುವವ

ಖಾಸಗಿಯಾಗಿ, ಮೇಷ್ಟ್ರೇ. ಖಾಸಗಿಯಾಗಿ.